ಇಳಕಲ್ಲದ ಲೈನಿನಲ್ಲಿ ಪಂಚನಾಮೆ

೧೯೮೧ರಲ್ಲಿ ನಾನು ಬಾಗಲಕೋಟೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೆಕ್ಯಾನಿಕ್ ಆಗಿದ್ದೆ. ಆಗಿನ ಎಕ್ಸ್‌ಚೇಂಜ್ ಎಂದರೆ ಮನುಷ್ಯರೇ ಕೂತು ನಡೆಸುವ ಬೋರ್ಡು. ಊರಿನ ಗಿರಾಕಿ ತನ್ನ ಫೋನಿನ ಹಿಡಿಕೆ ತಿರುವಿದರೆ ಬೋರ್ಡಿನ ಮೇಲೆ ಅವನ ನಂಬರಿನ ಸಣ್ಣ ಮುಚ್ಚಳ ಟಪ್ಪನೆ ಬೀಳುತ್ತಿತ್ತು. ಅದಕ್ಕೆ ‘ಡ್ರಾಪ್’ ಎನ್ನುತ್ತಿದ್ದೆವು. ಆಪರೇಟರು ಅಲ್ಲಿಗೆ ವೈರು ಚುಚ್ಚಿ, “ನಂಬರ್ ಪ್ಲೀಸ್” ಎಂದು ಕೇಳಿ, ಬೇಕಾದವರಿಗೆ ಜೋಡಿಸಿ ಕೊಡಬೇಕು. ಬೇರೆ ಊರಿಗಾದರೆ ಟ್ರಂಕ್ ಲೈನು. ಬಾದಾಮಿಗೆ ಒಂದು ಲೈನು, ಅಮೀನಗಡದ ಮೇಲೆ ಹಾಯ್ದು ಹುನಗುಂದ ಮತ್ತು ಇಳಕಲ್ಲಕ್ಕೆ ಇನ್ನೊಂದು. ಇವೆಲ್ಲ ಬಂದು ಸೇರುವುದು ನಮ್ಮಲ್ಲಿ. ಈ ಲೈನುಗಳನ್ನು ದಿನಾಲೂ ಟೆಸ್ಟ್ ಮಾಡುವುದು ನನ್ನ ಕೆಲಸ. ಒಂದು ಕಡೆ ಕೂಡ್ರಲಾಗದ ನನ್ನಂಥವನಿಗೆ ಹೇಳಿ ಮಾಡಿಸಿದ ಕೆಲಸ ಅದು. ಕಂಬ, ಬ್ಯಾಟರಿ, ಬೋರ್ಡು ಅಂತ ಓಡಾಡುತ್ತಲೇ ಇರಬಹುದಿತ್ತು.

ಬೇಸಿಗೆಯ ಮಧ್ಯಾಹ್ನ ಪೇಟೆ ಮುಚ್ಚಿರುತ್ತಿತ್ತು. ಡ್ರಾಪ್ ಬೀಳುವುದೇ ಅಪರೂಪ. ಆ ಹೊತ್ತಿಗೆ ನಾನು ಟೆಸ್ಟಿಂಗ್ ಎಂದು ಎರಡೂ ಟ್ರಂಕ್ ಲೈನುಗಳನ್ನು ಒಂದಕ್ಕೊಂದು ಜೋಡಿಸುತ್ತಿದ್ದೆ. ಟೆಸ್ಟು ಐದು ನಿಮಿಷದ್ದು. ಆಮೇಲೆ ಆ ಜೋಡಿಸಿದ ಲೈನಿನ ಮೇಲೆ ಬುದ್ಧಿಬಲದ ಆಟ ಶುರುವಾಗುತ್ತಿತ್ತು. ಮೂರೂ ಊರಿನ ಆಪರೇಟರುಗಳು ತಂತಮ್ಮ ಬೋರ್ಡಿನ ಪಕ್ಕದಲ್ಲಿ ಚದುರಂಗದ ಮಣೆ ಇಟ್ಟುಕೊಂಡಿದ್ದರು. ಇಬ್ಬರು ಆಡುವುದು, ಉಳಿದವರು ಕೇಳುತ್ತ ತಮ್ಮ ಮಣೆಯ ಮೇಲೆ ಕಾಯಿ ಸರಿಸುವುದು. ಮಣೆಯ ಮನೆಗಳಿಗೆಲ್ಲ ಎರಡಂಕಿಯ ನಂಬರು ಕೊಟ್ಟಿದ್ದರು. ಮೊದಲ ಅಂಕಿ ಎಡದಿಂದ ಎಷ್ಟನೆಯ ಸಾಲು, ಎರಡನೆಯದು ಕೆಳಗಿನಿಂದ ಎಷ್ಟನೆಯ ಮನೆ. “ಐವತ್ತೆರಡನ್ನ ಐವತ್ನಾಕಕ್ಕ ಹಚ್ಚರಿ” ಎಂದರೆ ಪ್ಯಾದೆ ಎರಡು ಮನೆ ಮುಂದೆ ನಡೆಯಿತು ಎಂದು ಅರ್ಥ. ಹೊರಗಿನವರು ಕೇಳಿದರೆ ಯಾವನೋ ಗಿರಾಕಿಗೆ ಫೋನ್ ಜೋಡಿಸುತ್ತಿದ್ದಾರೆ ಎಂದುಕೊಳ್ಳಬೇಕು, ಅಷ್ಟೇ. ನಮ್ಮ ಸೂಪರ್‌ವೈಸರಿಗೆ ಇದೆಲ್ಲ ಗೊತ್ತಿತ್ತು. ಗಿರಾಕಿ ಕಾಯಬಾರದು, ಅದೊಂದು ನೋಡಿಕೊಳ್ಳಿ ಎಂದು ಹೇಳಿ ಸುಮ್ಮನಾಗಿದ್ದರು.

ಬಾದಾಮಿಯಲ್ಲಿ ಶಾಂತಾಬಾಯಿ, ಹುನಗುಂದದಲ್ಲಿ ರಾಜಾಸಾಬ, ಇಳಕಲ್ಲದಲ್ಲಿ ಮಹಾಂತಪ್ಪ. ವರ್ಷಗಟ್ಟಲೆ ದಿನಾ ಮಾತಾಡಿದರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ದನಿಯಷ್ಟೇ ಪರಿಚಯ. ಒಬ್ಬರನ್ನೊಬ್ಬರು ಊರ ಹೆಸರಿನಿಂದಲೇ ಕರೆಯುವುದೂ ಇತ್ತು. ಮಹಾಂತಪ್ಪನವರು ಎಲ್ಲರಿಗಿಂತ ಹಿರಿಯರು, ಐವತ್ತು ದಾಟಿದವರು. ಉಳಿದಿಬ್ಬರಿಗೂ ಆಟ ಕಲಿಸಿದವರು ಅವರೇ, ಅದೂ ಫೋನಿನ ಮೇಲೆ.

ಖರೆ ಹೇಳಬೇಕೆಂದರೆ ನನಗೆ ಆಟ ಅಷ್ಟಕ್ಕಷ್ಟೇ. ಒಂದು ಕಾಯಿ ನಡೆಸಲು ಹತ್ತು ನಿಮಿಷ ಕಾಯುವ ಸಹನೆ ನನಗೆಲ್ಲಿಂದ ಬರಬೇಕು? ನಾನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂಡ್ರುತ್ತಿದ್ದದ್ದು ಆಟ ಮುಗಿದ ಮೇಲಿನ ಮಾತಿಗೆ. ಅದಕ್ಕೆ ಅವರು ‘ಪಂಚನಾಮೆ’ ಎಂದು ಹೆಸರಿಟ್ಟಿದ್ದರು. ಸೋತವನ ಹೆಣ ಎಲ್ಲಿ ಬಿತ್ತು, ಹೊಡೆದವರು ಯಾರು, ತಪ್ಪಿಸಿಕೊಳ್ಳಲು ಯಾವ ದಾರಿ ಇತ್ತು ಎಂದು ಮೊದಲಿನಿಂದ ಬಿಡಿಸಿ ನೋಡುವುದು. ಅದನ್ನು ಶುರು ಮಾಡುವವರು ಯಾವತ್ತೂ ಮಹಾಂತಪ್ಪನವರೇ. ಬೈಯುತ್ತಿದ್ದರು, ನಗಿಸುತ್ತಿದ್ದರು, ನಡುವೆ ನೇಕಾರರ ಓಣಿಯ ಸುದ್ದಿ, ಮನೆಯ ಎಮ್ಮೆಯ ಸುದ್ದಿ ತಂದು ಮತ್ತೆ ಸರಿಯಾಗಿ ಅದೇ ಕುದುರೆಗೆ ಬಂದು ನಿಲ್ಲುತ್ತಿದ್ದರು. ನಡುವೆ ಡ್ರಾಪ್ ಬಿದ್ದರೆ ಅರ್ಧ ವಾಕ್ಯಕ್ಕೇ ಮಾತು ಬಿಟ್ಟು ಹೋಗಿ, ಬಂದು ಉಳಿದ ಅರ್ಧ ಹೇಳುತ್ತಿದ್ದರು.

ಆ ವರ್ಷ ಸಂಕ್ರಾಂತಿಯ ಹೊತ್ತಿಗೆ ಅವರ ದನಿ ಒಡೆಯಿತು. ನೆಗಡಿ ಎಂದುಕೊಂಡೆವು. ಯುಗಾದಿಯಾದರೂ ಹೋಗಲಿಲ್ಲ. ಮೇ ತಿಂಗಳಲ್ಲಿ ಮಿರಜಿನ ಆಸ್ಪತ್ರೆಗೆ ಹೋಗಿ ತೋರಿಸಿ ಬಂದು, ಆಟದ ನಡುವೆ ಲೈನು ಕೆಟ್ಟ ಸುದ್ದಿ ಹೇಳಿದಷ್ಟೇ ತಣ್ಣಗೆ ಹೇಳಿದರು: “ಗಂಟಲದಾಗ ಗಡ್ಡಿ ಆಗೇತಂತ. ದನಿ ಪೆಟಗೀನ ತಗೀತಾರಂತ. ತಗದ್ರ ಬದುಕತೇನಿ, ಮಾತು ಬರೂದಿಲ್ಲ.” ಆಮೇಲೆ, “ರಾಜಾಸಾಬ, ನಿನ್ನ ಆನಿ ಸಾಯಾಕತ್ತೇತಿ ನೋಡು” ಎಂದರು.

ಮರುದಿನ ಶಾಂತಾಬಾಯಿ ನನ್ನೊಬ್ಬನನ್ನೇ ಲೈನಿಗೆ ಕರೆದರು. “ಅಣ್ಣಾರ, ಒಂದ ಪಂಚನಾಮಿ ಆದ್ರೂ ಟೇಪ್ ಮಾಡಿ ಇಡ್ರಿ. ಆ ದನಿ ಹೋತಂದ್ರ ಮತ್ತ ಎಲ್ಲಿಂದ ತರೋಣು?” ಎಂದರು. ಲೈನಿನ ಮಾತು ಟೇಪ್ ಮಾಡುವುದಕ್ಕೆ ನಿಯಮದಲ್ಲಿ ಅವಕಾಶವಿರಲಿಲ್ಲ. ಆದರೂ ಆಗಲಿ ಎಂದೆ. ಮಹಾಂತಪ್ಪನವರಿಗೆ ಹೇಳುವುದು ಬೇಡ ಎಂದು ರಾಜಾಸಾಬನೂ ಸೇರಿ ಮೂವರೂ ಗಟ್ಟಿ ಮಾಡಿಕೊಂಡೆವು. ಟೇಪ್ ಎಂದು ಗೊತ್ತಾದರೆ ಮನುಷ್ಯ ಭಾಷಣ ಬಿಗಿಯುತ್ತಾನೆ, ನಮಗೆ ಬೇಕಾದದ್ದು ಆ ಬೈಗುಳ.

ಟೇಪ್ ರೆಕಾರ್ಡರ್ ನನ್ನ ಹತ್ತಿರ ಎಲ್ಲಿತ್ತು? ಮೈಕ್ ಸೆಟ್ ಬಾಡಿಗೆ ಕೊಡುವ ಅಂಗಡಿಯವನನ್ನು ಕಾಡಿ ಬೇಡಿ ಎರಡು ದಿನಕ್ಕೆ ತಂದೆ. ಶನಿವಾರ ಸಂಜೆ ಮದುವೆ ಇದೆ, ಅಷ್ಟರೊಳಗೆ ವಾಪಸು ಬರಬೇಕು ಎಂದು ಅವನು ಕಟ್ಟಪ್ಪಣೆ ಮಾಡಿದ. ಮಹಾಂತಪ್ಪನವರು ಆಪರೇಷನ್ನಿಗೆ ರವಿವಾರ ಮುಂಜಾನೆಯ ಬಸ್ಸಿಗೆ ಮಿರಜಿಗೆ ಹೊರಡುವವರು. ನಮಗೆ ಇದ್ದದ್ದು ಶುಕ್ರವಾರ ಮತ್ತು ಶನಿವಾರ.

ಶುಕ್ರವಾರ ಆಟ ಮುಗಿಯುವತನಕ ನಾನು ಕೂತಲ್ಲಿ ಕೂಡ್ರಲಿಲ್ಲ. ಮುಗಿದ ಕೂಡಲೇ ಟೇಪಿನ ವೈರನ್ನು ಲೈನಿಗೆ ತಾಗಿಸಿದೆ. ಇಲ್ಲಿ ಒಂದು ಮಾತು ಹೇಳಬೇಕು. ಲೈನಿನ ಮೇಲೆ ಹೊಸದಾಗಿ ಏನೇ ಜೋಡಿಸಿದರೂ ಉಳಿದವರಿಗೆ ದನಿ ಒಂದು ಎಳೆ ಇಳಿಯುತ್ತದೆ. ಸಾಮಾನ್ಯರ ಕಿವಿಗೆ ಅದು ತಿಳಿಯುವುದಿಲ್ಲ. ಇಪ್ಪತ್ತೈದು ವರ್ಷ ಬೋರ್ಡಿನ ಮುಂದೆ ಕೂತವರ ಕಿವಿಗೆ ಯಾರೋ ಬಾಗಿಲು ತೆಗೆದು ಒಳಗೆ ಬಂದಷ್ಟು ಸ್ಪಷ್ಟವಾಗಿ ತಿಳಿಯುತ್ತದೆ.

“ಲೈನಿಗೆ ಯಾರ್ ಬಂದ್ರಿ?” ಎಂದರು ಮಹಾಂತಪ್ಪ.

ನಾವು ಮೂವರೂ ಕಳ್ಳರ ಹಾಗೆ ಸುಮ್ಮನಾದೆವು. ಅದೇ ಘಾತವಾಯಿತು. ಆಗ ಮೇಲಿನ ಕಚೇರಿಯವರು ಆಪರೇಟರುಗಳ ಕೆಲಸ ಪರೀಕ್ಷಿಸಲು ಸದ್ದಿಲ್ಲದೆ ಲೈನಿಗೆ ಬಂದು ಕೇಳುವ ಪದ್ಧತಿ ಇತ್ತು. ಯಾರೂ ಮಾತಾಡದೆ ದನಿ ಇಳಿದರೆ ಅದರ ಅರ್ಥ ಅದೊಂದೇ. ಮಹಾಂತಪ್ಪನವರು ಕೂಡಲೇ ಕಚೇರಿಯ ದನಿಯಲ್ಲಿ, “ಇಳಕಲ್ಲ ಎಕ್ಸ್‌ಚೇಂಜ್. ನಂಬರ್ ಪ್ಲೀಸ್” ಎಂದರು. ಆಮೇಲೆ ವೈರು ಕಿತ್ತು ಹೊರಟೇಬಿಟ್ಟರು. ರಜೆ ಇನ್ನೂ ಮಂಜೂರಾಗಬೇಕಾದ ಮನುಷ್ಯ, ಹೆದರದೆ ಏನು ಮಾಡಿಯಾರು? ನನ್ನ ಟೇಪಿನಲ್ಲಿ ಉಳಿದದ್ದು ಇಷ್ಟೇ ಮಾತು. ನಾನು ವೈರನ್ನು ನೆಲಕ್ಕೆ ಬಿಸಾಕಿದೆ. ದಿನಾ ಮಾಡುವ ಕೆಲಸ, ದನಿ ಇಳಿಯುತ್ತದೆ ಎಂದು ನಾನೇ ಹೊಸ ಹುಡುಗರಿಗೆ ಪಾಠ ಹೇಳಿದವನು, ನನ್ನ ತಲೆಗೇ ಅದು ಹೊಳೆದಿರಲಿಲ್ಲ.

ಶನಿವಾರ ಬೆಳಗಾದದ್ದೇ ಗಾಳಿಯಿಂದ. ಮುಂಗಾರಿಗೆ ಮುಂಚಿನ ಆ ಕೆಂಪು ಗಾಳಿ ನಮ್ಮ ಕಡೆಯವರಿಗೆ ಹೊಸದಲ್ಲ. ಹತ್ತು ಗಂಟೆಗೆ ಹುನಗುಂದ, ಇಳಕಲ್ಲ ಎರಡೂ ಸತ್ತುಹೋದವು. ಟೆಸ್ಟ್ ಮಾಡಿದೆ, ಅಮೀನಗಡದ ಹತ್ತಿರ ತಂತಿ ಹರಿದಿದೆ ಎಂದು ತೋರಿಸಿತು. ಲೈನ್‌ಮನ್ ಸೈಕಲ್ಲಿನ ಮೇಲೆ ಹೋದ. ನಾನು ಬೋರ್ಡಿನಿಂದ ಬಾಗಿಲಿಗೆ, ಬಾಗಿಲಿನಿಂದ ಬೋರ್ಡಿಗೆ ಅಡ್ಡಾಡಿದೆ. ಊಟಕ್ಕೆ ಮನೆಗೆ ಹೋಗಲಿಲ್ಲ. ಬಾದಾಮಿಯಿಂದ ಶಾಂತಾಬಾಯಿ ಮೇಲಿಂದ ಮೇಲೆ ಕೇಳುವವರು, “ಬಂತೇನ್ರಿ ಅಣ್ಣಾರ?” ಇಲ್ಲ ಎಂದು ಹೇಳಿ ಹೇಳಿ ಸಾಕಾಗಿ ಒಮ್ಮೆ ಸಿಡುಕಿಯೂಬಿಟ್ಟೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ, ಅರ್ಧ ಗಂಟೆಗೆ ಮತ್ತೆ ಕೇಳಿದರು. ನಡುವೆ ಮೈಕಿನಂಗಡಿಯವನು ಬಂದು ಮೇಜಿನ ಮೇಲಿನ ಟೇಪನ್ನು ದಿಟ್ಟಿಸಿ ಹೋದ.

ಮೂರು ಗಂಟೆ ಹೊಡೆದ ಮೇಲೆ ಲೈನು ಜೀವ ಹಿಡಿಯಿತು. ಇಳಕಲ್ಲಕ್ಕೆ ರಿಂಗ್ ಕೊಟ್ಟೆ. ಕದ್ದುಮುಚ್ಚಿ ಮಾಡುವ ತಾಳ್ಮೆ ನನ್ನಲ್ಲಿ ಉಳಿದಿರಲಿಲ್ಲ.

“ಮಹಾಂತಪ್ಪನವರ, ನಿನ್ನಿ ಲೈನಿಗೆ ಬಂದದ್ದು ಮ್ಯಾಲಿನ ಆಫೀಸಿನವರಲ್ರಿ. ನಾ ಟೇಪ್ ಹಚ್ಚಿದ್ದೆ. ನಿಮ್ಮ ದನಿ ಹಿಡದಿಡೋಣಂತ.”

ಬೈಯುತ್ತಾರೆ ಎಂದು ಕಾದೆ.

“ಲೇ ಬಾಗಲಕೋಟಿ, ನಾ ಇನ್ನೂ ಸತ್ತಿಲ್ಲಲೇ” ಎಂದರು. ಆಮೇಲೆ ಒಡಕು ದನಿಯಲ್ಲೇ ನಕ್ಕರು. “ಹಿಡೀತೇನಿ ಅಂತೀಯಲ್ಲ, ಹಿಡಿ. ಆದ್ರ ನನ್ನೊಬ್ಬನ ಮಾತು ಹಿಡೀಬ್ಯಾಡ, ಎಲ್ಲಾರ್ದೂ ಹಿಡಿ. ಮತ್ತ ಆ ಟೇಪು ನನ್ನ ಕಡೆ ಬರಬೇಕು. ನನ್ನ ದನಿ ನೀವು ಎದಕ್ಕ ಇಟಗೋತೀರಿ? ಮಾತು ನಿಂತ ಮ್ಯಾಲ ಅದು ಬೇಕಾಗೂದು ನನಗ.”

ಉಳಿದಿಬ್ಬರನ್ನೂ ಲೈನಿಗೆ ಜೋಡಿಸಿ ಟೇಪ್ ಹಚ್ಚಿದೆ. ಹೊಸ ಆಟ ಆಡಲು ಹೊತ್ತಿರಲಿಲ್ಲ. ನಿನ್ನೆ ಶಾಂತಾಬಾಯಿ ಸೋತ ಆಟದ್ದೇ ಪಂಚನಾಮೆ ಆಗಲಿ ಎಂದರು. ಮೊದಲ ಐದು ನಿಮಿಷ ನಾವು ಮೂವರೂ ಮದುವೆಮನೆಯಲ್ಲಿ ಫೋಟೋಕ್ಕೆ ನಿಂತವರ ಹಾಗೆ ಬಿಗಿದುಕೊಂಡಿದ್ದೆವು. ಮಹಾಂತಪ್ಪ ರಾಜಾಸಾಬನ ಒಂಟೆಯನ್ನು ಹಳೇ ಚಪ್ಪಲಿಗೆ ಹೋಲಿಸಿದರು, ರಾಜಾಸಾಬ ರೇಗಿದ, ಶಾಂತಾಬಾಯಿ ನಕ್ಕು ಅವನ ಪರ ವಹಿಸಿದರು, ಅಲ್ಲಿಂದ ಮುಂದೆ ಟೇಪಿನ ನೆನಪು ಯಾರಿಗೂ ಉಳಿಯಲಿಲ್ಲ. ನಡುವೆ ಬಾದಾಮಿಯಲ್ಲಿ ಡ್ರಾಪ್ ಬಿದ್ದು, ಕುಪ್ಪಸದ ಖಣದ ವ್ಯಾಪಾರಿಯೊಬ್ಬರಿಗೆ ಗುಳೇದಗುಡ್ಡದ ಲೈನು ಕೊಡಿಸಿ ಶಾಂತಾಬಾಯಿ ವಾಪಸು ಬಂದರು. ದನಿ ಪೂರಾ ಕಟ್ಟುವತನಕ ಮಹಾಂತಪ್ಪ ಮಾತಾಡಿದರು. ಕೊನೆಗೆ ಪಿಸುಮಾತಷ್ಟೇ ಉಳಿದಾಗ, “ಸಾಕಲೇ, ಡಾಕ್ಟರಿಗೂ ಒಂದೀಟು ಉಳಸ್ತೇನಿ” ಎಂದು ಲೈನು ಬಿಟ್ಟರು. ಅಂಗಡಿಯವನು ಬಾಗಿಲಲ್ಲೇ ನಿಂತಿದ್ದ. ಯಾವಾಗ ಬಂದಿದ್ದನೋ, ಆತುರ ಮಾಡಲಿಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ಶ್ರಾವಣದಲ್ಲಿ ಅವರು ಊರಿಗೆ ಬಂದರೆಂದು ತಿಳಿದ ಮೇಲೆ ಕ್ಯಾಸೆಟ್ಟನ್ನು ಅರಿವೆಯಲ್ಲಿ ಸುತ್ತಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದೆ. ಒಂದು ನಕಲು ತೆಗೆದುಕೊಂಡು ಕಳಿಸಿರೆಂದು ರಾಜಾಸಾಬ ಹೇಳಿದ್ದ. ಆದರೆ ನಕಲಿಗೆ ಎರಡು ಮಷಿನ್ ಬೇಕು, ನನಗೆ ಒಂದು ಸಿಕ್ಕದ್ದೇ ಹೆಚ್ಚು. ಇಳಕಲ್ಲದಲ್ಲಿ ಆಪರೇಟರನ ಕುರ್ಚಿಗೆ ಹೊಸಬನೊಬ್ಬ ಬಂದ. ಮಹಾಂತಪ್ಪನವರಿಗೆ ಅದೇ ಎಕ್ಸ್‌ಚೇಂಜಿನಲ್ಲಿ ಬ್ಯಾಟರಿ ನೋಡಿಕೊಳ್ಳುವ ಕೆಲಸ ಕೊಟ್ಟರು. ಲೈನಿನ ಮೇಲೆ ಆಟ ನಿಂತೇಹೋಯಿತು. ಮಧ್ಯಾಹ್ನ ಟೆಸ್ಟ್ ಮಾಡಿ ಜೋಡಿಸಿದ ವೈರನ್ನು ಕಿತ್ತುಬಿಡುತ್ತಿದ್ದೆ. ಆಮೇಲೆ ಆ ಎರಡು ತಾಸು ನನಗೆ ಎಲ್ಲಿ ಹೋಗಬೇಕೋ ತಿಳಿಯುತ್ತಿರಲಿಲ್ಲ, ಸರಿಯಿದ್ದ ಬ್ಯಾಟರಿಗಳನ್ನೇ ಬಿಚ್ಚಿ ಒರೆಸುತ್ತಿದ್ದೆ.

ದೀಪಾವಳಿ ಮುಗಿದ ಮೇಲೆ ಒಂದು ದಿನ ರಾಜಾಸಾಬನೇ ಹಟ ಮಾಡಿ ಶಾಂತಾಬಾಯಿಯವರನ್ನು ಆಟಕ್ಕೆ ಎಳೆದ. ಶಾಂತಾಬಾಯಿ ಮನಸ್ಸಿಲ್ಲದ ಮನಸ್ಸಿನಿಂದ ಆಡಿದರು, ಸೋತರು. ಪಂಚನಾಮೆ ಶುರು ಮಾಡುವವರು ಯಾರು? ಲೈನು ಕೀಳೋಣ ಎಂದು ನಾನು ವೈರಿಗೆ ಕೈ ಹಾಕಿದೆ. ಆಗ ದನಿ ಒಂದು ಎಳೆ ಇಳಿಯಿತು. ಟಕ್ ಎಂದಿತು, ಸರ್ರನೆ ಸದ್ದು ಬಂತು. ಆಮೇಲೆ ಇಳಕಲ್ಲದ ಕಡೆಯಿಂದ ಆ ಒಡಕು ದನಿ:

“ಶಾಂತಾಬಾಯಾರ, ವಜೀರನ್ನ ಇಷ್ಟ ಲಗೂನ ಹೊರಗ ಕಳಸಬ್ಯಾಡ್ರಿ ಅಂತ ಎಷ್ಟ ಸಲ ಹೇಳಬೇಕ್ರಿ ನಿಮಗ? ಮನ್ಯಾಗ ಒಲಿ ಹಚ್ಚೂಕಿಂತ ಮೊದಲ ಬೀಗರನ್ನ ಊಟಕ್ಕ ಕೂಡಸ್ತೀರೇನು?”

ನಾನು ವೈರಿನಿಂದ ಕೈ ತೆಗೆದೆ. ರಾಜಾಸಾಬ “ಯಾ ಅಲ್ಲಾ” ಎಂದ. ಶಾಂತಾಬಾಯಿ ಅಳುತ್ತಿದ್ದರು, ಅಳುತ್ತಲೇ ಜಗಳಕ್ಕೆ ನಿಂತರು: “ಮತ್ತ ಏನ್ ನಡಸ್ಬೇಕಿತ್ರಿ?” ಟೇಪಿನಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಫೋನಿನ ಬಾಯಿಯ ಮೇಲೆ ಉಗುರಿನಿಂದ ಬಡಿದ ಸದ್ದು ಬಂತು. ಆರು. ಸ್ವಲ್ಪ ಬಿಟ್ಟು ಮೂರು.

“ಅರವತ್ಮೂರು. ಕುದರಿ ಹೌದಲ್ರಿ?” ಎಂದರು ಶಾಂತಾಬಾಯಿ. ಒಂದು ಸಲ ಬಡಿದ ಸದ್ದು ಬಂತು.

ಮಹಾಂತಪ್ಪನವರು ಎಲ್ಲಿಂದಲೋ ಒಂದು ಮಷಿನ್ ಹೊಂದಿಸಿಕೊಂಡು, ಬ್ಯಾಟರಿ ಕೋಣೆಯಲ್ಲಿ ಆ ಟೇಪನ್ನು ತಿಂಗಳುಗಟ್ಟಲೆ ಕೇಳಿ, ಯಾವ ಬೈಗುಳ ಎಲ್ಲಿದೆ ಎಂದು ಬಾಯಿಪಾಠ ಮಾಡಿದ್ದರಂತೆ. ಹೊಸ ಆಪರೇಟರೇ ಆಮೇಲೆ ಹೇಳಿದ. ಅಂದಿನಿಂದ ಪಂಚನಾಮೆ ಮತ್ತೆ ನಡೆಯಿತು. ನಾನು ಹಿಡಿದಿಟ್ಟ ಮಾತು ಒಂದೇ ಮಧ್ಯಾಹ್ನದ್ದು, ಅದನ್ನೇ ಹಿಂದೆ ಮುಂದೆ ತಿರುವಿ ಅವರು ನೂರಾರು ಆಟಗಳಿಗೆ ಹಚ್ಚಿದರು. ತಿರುವಿ ತಿರುವಿ ಟೇಪು ಸವೆಯಿತು, ದನಿ ತೊದಲತೊಡಗಿತು, ಎರಡು ವರ್ಷಕ್ಕೆ ಮಷಿನ್ನಿಗೆ ಸಿಕ್ಕಿ ಹರಿದುಹೋಯಿತು. ಜೋಪಾನ ಮಾಡಬೇಕಿತ್ತು ಎಂದು ಕೇಳಿದವರೆಲ್ಲ ಇವತ್ತಿಗೂ ಹಳಹಳಿಸುತ್ತಾರೆ. ನಾನು ಹಳಹಳಿಸುವುದಿಲ್ಲ. ಬಳಸದೆ ಬಿಟ್ಟ ತಂತಿಯ ಗಂಟುಗಳಿಗೇ ಮೊದಲು ತುಕ್ಕು ಹಿಡಿಯುವುದನ್ನು ಮೂವತ್ತು ವರ್ಷ ಕಣ್ಣಾರೆ ಕಂಡವನು ನಾನು. ಆ ಕ್ಯಾಸೆಟ್ಟು ನನ್ನ ಪೆಟ್ಟಿಗೆಯಲ್ಲಿ ಉಳಿದಿದ್ದರೆ ಇಂದಿಗೂ ಹೊಸದರ ಹಾಗೆ ಇರುತ್ತಿತ್ತು, ಮತ್ತು ಒಬ್ಬರ ಆಟವನ್ನೂ ತಿದ್ದುತ್ತಿರಲಿಲ್ಲ.

ಟೇಪು ಹರಿದ ಮೇಲೆ ಏನಾಯಿತು ಎಂದು ಕೇಳುತ್ತೀರಿ. ಶಾಂತಾಬಾಯಿ ಸೋತಾಗ ಇಳಕಲ್ಲದಿಂದ ಉಗುರಿನ ಸದ್ದು ಬರುತ್ತಿತ್ತು, ಬೇಗ ಬೇಗ, ಸಿಟ್ಟಿನಿಂದ. ಅದು ಬೈಗುಳ ಎಂದು ಎಲ್ಲರಿಗೂ ಗೊತ್ತು. ಆಗ ಶಾಂತಾಬಾಯಿ ಮಹಾಂತಪ್ಪನವರದೇ ಧಾಟಿಯಲ್ಲಿ, ಅದೇ ಒಡಕು ದನಿ ಮಾಡಿ, ತಮ್ಮನ್ನು ತಾವೇ ಪೂರಾ ಬೈದುಕೊಳ್ಳುತ್ತಿದ್ದರು. ಅವರು ಎಲ್ಲಾದರೂ ಒಂದು ಮಾತು ತಪ್ಪಿಸಿದರೆ ಆ ಕಡೆಯಿಂದ ಉಗುರು ಮತ್ತೆ ಬಡಿಯುತ್ತಿತ್ತು.