ಶಾಂತಮ್ಮನ ಕಣ್ಣಿಗೆ ಕಪ್ಪು ತುಂಬಿದ ರಾತ್ರಿ

ದೆವ್ವದ ಮಾತು ಬಂದರೆ ನಗುವವಳು ನಾನು. ಸತ್ತವರ ಫೋಟೋ ಸರಿಮಾಡಿಯೇ ಹೊಟ್ಟೆ ಹೊರೆಯುವವಳಿಗೆ ಹೆದರಿಕೊಂಡರೆ ನಡೆಯುತ್ತದೆಯೇ? ಹಾಗಾಗಿ ಇದನ್ನು ಕಟ್ಟುಕತೆ ಅಂದುಕೊಳ್ಳಬೇಡಿ. ಆ ರಾತ್ರಿ ನನಗೆ ಜ್ವರವಿರಲಿಲ್ಲ, ನಿದ್ದೆಯ ಮಂಪರೂ ಇರಲಿಲ್ಲ. ಕಣ್ಣಾರೆ ಕಂಡೆ, ಕೈಯಾರೆ ಮುಟ್ಟಿದೆ. ಮುಟ್ಟಿದ್ದನ್ನು ನೆನೆದರೆ ಈಗಲೂ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತೇನೆ.

ಬೀರೂರಿನಲ್ಲಿ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಸಣ್ಣ ಸ್ಟುಡಿಯೋ. ನಮ್ಮೆಜಮಾನರು ಮದುವೆಗಳಿಗೆ ಕ್ಯಾಮೆರಾ ಹೊತ್ತು ತಿರುಗುತ್ತಾರೆ, ಕಂಪ್ಯೂಟರಿನ ಕೆಲಸ ನನ್ನದು. ಸತ್ತ ಹನ್ನೊಂದನೇ ದಿನದ ಶಿವಗಣಾರಾಧನೆಗೆ ಇಡುವ ಫೋಟೋಗಳೇ ಹೆಚ್ಚು. ಜನ ಮೊಬೈಲಿನಲ್ಲಿರುವ ಯಾವುದೋ ಫೋಟೋ ತರುತ್ತಾರೆ. ಪಕ್ಕದಲ್ಲಿ ನಿಂತವರನ್ನು ಕತ್ತರಿಸಿ, ನೈಟಿ ತೆಗೆದು ರೇಷ್ಮೆ ಸೀರೆ ಉಡಿಸಿ, ಹಣೆಗೆ ವಿಭೂತಿ ಬಳಿದು, ಹಿಂದೆ ಮೋಡ ಹಾಕಿ ಕೊಡುತ್ತೇನೆ. ಈ ಸುತ್ತಿನಲ್ಲಿ ತೀರಿಕೊಂಡ ಎಷ್ಟೋ ಹೆಂಗಸರು ಗೋಡೆಯ ಮೇಲೆ ಒಂದೇ ಸೀರೆಯಲ್ಲಿದ್ದಾರೆ.

ಅವತ್ತು ಸಂಜೆ ಚೌಳಹಿರಿಯೂರು ಕಡೆಯ ಹಳ್ಳಿಯಿಂದ ಮೂವರು ಬಂದರು. ಒಬ್ಬಳು ಅಜ್ಜಿ, ಜೊತೆಗೆ ಅವಳ ಮಗ, ಪಿಯುಸಿ ಓದುವ ಮೊಮ್ಮಗಳು ಕಾವ್ಯ. ತೀರಿಕೊಂಡವಳು ಶಾಂತಮ್ಮ. ಅಜ್ಜಿಯ ಸೊಸೆ, ಕಾವ್ಯಳ ತಾಯಿ. ಮರುದಿನವೇ ಆರಾಧನೆ.

ಮಗನ ಮೊಬೈಲಿನಿಂದ ಫೋಟೋ ಇಳಿಸಿಕೊಂಡು ತೆರೆದೆ. ಒಳ್ಳೆಯ ಮುಖ. ತೆಳು ಬೂದು ಬಣ್ಣದ ಕಣ್ಣುಗಳು... ಬೆಕ್ಕಿನ ಕಣ್ಣು ಅನ್ನುತ್ತಾರಲ್ಲ, ಅವು. ತಿರುಗಿ ನೋಡಿದರೆ ಕಾವ್ಯಳದ್ದೂ ಅದೇ ಕಣ್ಣು.

"ಆ ಕಣ್ಣು ಕರ್ರಗೆ ಮಾಡವ್ವ," ಅಂದಳು ಅಜ್ಜಿ, ಸುಣ್ಣ ಅಂಟಿದ ಬೆರಳಿನಿಂದ ಸ್ಕ್ರೀನನ್ನು ತಿವಿಯುತ್ತ.

"ಯಾಕಜ್ಜಿ, ಚೆನ್ನಾಗೇ ಐತಲ್ಲ?"

"ಏನ್ ಚೆಂದ? ಈ ಕಣ್ಣು ಮನೆಗೆ ಬಂದ್ಮ್ಯಾಲೆ ನಾವು ಉದ್ಧಾರ ಆಗ್ಲಿಲ್ಲ. ನಾಳೆ ಸ್ವಾಮಿಗಳು ಬತ್ತಾರೆ, ನೆಂಟ್ರು ಬತ್ತಾರೆ. ಗೋಡೆ ಮ್ಯಾಲೆ ಇದ್ನ ನೋಡಿದ್ರೆ ಹುಡುಗಿ ಕಣ್ಣಿನ್ ಮಾತೂ ಎತ್ತಾರೆ. ಇವ್ಳಿಗೊಂದು ಗಂಡು ಸಿಗೋದ್ ಬ್ಯಾಡ್ವಾ?"

ಮಗ ತಲೆ ಎತ್ತಲಿಲ್ಲ. "ಅವ್ವ ಹೇಳ್ದಂಗೆ ಮಾಡ್ಬಿಡಿ ಮೇಡಂ," ಅಂದ.

"ಮೊಬೈಲಾಗಿರೋದ್ನೂ ಅಳಿಸ್ಬಿಡೋ. ಸಾಕು ಆ ಕಣ್ಣಿನ ಸಾವಾಸ," ಅಂದಳು ಅಜ್ಜಿ. ಅವನು ನನ್ನ ಮುಂದೆಯೇ ಹೆಂಡತಿಯ ಫೋಟೋ ಅಳಿಸಿದ.

ಮಣ್ಣು ಮಾಡಿ ಇನ್ನೂ ಹನ್ನೊಂದು ದಿನ ತುಂಬಿರಲಿಲ್ಲ. ಅವರಿಬ್ಬರನ್ನು ನೋಡಿ ನನಗೆ ಅಸಹ್ಯವಾಯಿತು. ಆದರೂ ಆಗುವುದಿಲ್ಲ ಎಂದು ಹೇಳಲಿಲ್ಲ, ಅದೂ ನಿಜ.

ಹೊರಡುವಾಗ ಕಾವ್ಯ ಚಪ್ಪಲಿ ಹುಡುಕುವ ನೆಪದಲ್ಲಿ ಹಿಂದುಳಿದಳು. ಪಿಸುಗುಟ್ಟಿದಳು:

"ಆಂಟಿ, ನಂಗೊಂದು ಕಾಪಿ ಹಂಗೇ ಇಟ್ಟಿರಿ. ಕಣ್ಣು ಬದ್ಲಾಯಿಸ್ದೇ ಇರೋದು. ನಮ್ಮವ್ವಂದು ಬ್ಯಾರೆ ಫೋಟೋನೇ ಇಲ್ಲ."

"ಇಟ್ಟಿರ್ತೀನಿ ಕಣವ್ವ. ಧೈರ್ಯವಾಗಿ ಹೋಗು," ಅಂದೆ.

ಎಜಮಾನರು ತರೀಕೆರೆಗೆ ರಿಸೆಪ್ಷನ್ನಿಗೆ ಹೋಗಿದ್ದರು. ಶಟರ್ ಅರ್ಧ ಎಳೆದು ಕೆಲಸಕ್ಕೆ ಕೂತಾಗ ಒಂಬತ್ತಾಗಿತ್ತು. ಸೀರೆ, ವಿಭೂತಿ, ಮೋಡ ಎಲ್ಲ ಸುಲಭ. ಕೊನೆಗೆ ಕಣ್ಣಿಗೆ ಬಂದೆ. ಮುಖವನ್ನು ಸ್ಕ್ರೀನ್ ತುಂಬುವಷ್ಟು ಹಿಗ್ಗಿಸಿ, ಬೂದು ಪಾಪೆಯ ಸುತ್ತ ಗೆರೆ ಎಳೆದು, ಒಳಗೆ ಕಪ್ಪು ತುಂಬಿದೆ. ಕೈ ಅಭ್ಯಾಸ ನೋಡಿ... ಅದೇ ಹೆಸರಿಗೆ ಸೇವ್ ಮಾಡಿ, ಮುಚ್ಚಿ, ಪ್ರಿಂಟಿಗೆ ಕೊಟ್ಟೆ.

ಹುಡುಗಿಗೆ ಮಾತು ಕೊಟ್ಟದ್ದು ಆಮೇಲೆ ನೆನಪಾಯಿತು. ಹಳೆಯ ಫೋಟೋದ ಮೇಲೆಯೇ ಹೊಸದು ಸೇವ್ ಆಗಿತ್ತು, ಮೊಬೈಲಿನದೂ ಅಳಿಸಿಹೋಗಿತ್ತು.

ಅಷ್ಟರಲ್ಲಿ ಪ್ರಿಂಟ್ ಹೊರಬಂತು. ನಮ್ಮ ಪ್ರಿಂಟರಿನಲ್ಲಿ ಫೋಟೋ ಒಣಗಿಯೇ ಬರುತ್ತದೆ. ಇದು ಒದ್ದೆಯಿತ್ತು. ಎಲ್ಲ ಕಡೆ ಅಲ್ಲ... ಕಣ್ಣುಗಳು ಮಾತ್ರ.

ಬೆರಳಿಟ್ಟೆ. ಬೆಚ್ಚಗಿತ್ತು, ಅಂಟಂಟಾಗಿತ್ತು. ಮಕ್ಕಳಿಗೆ ಕಣ್ಣು ಬಂದಾಗ ರೆಪ್ಪೆಗೆ ಪಿಸುರು ಕಟ್ಟುತ್ತದಲ್ಲ, ಅದೇ ಜಿಗುಟು, ಅದೇ ಹಳಸಿದ ವಾಸನೆ. ಥೂ! ಹತ್ತಿ ತಂದು ಒರೆಸಿದೆ. ಕಪ್ಪೆಲ್ಲ ಹತ್ತಿಗೆ ಬಂತು. ಅಡಿಯಲ್ಲಿ ಆ ಬೂದು ಕಣ್ಣುಗಳು ನೆಟ್ಟಗೆ ನನ್ನನ್ನೇ ನೋಡುತ್ತಿದ್ದವು.

ಫೈಲು ಮತ್ತೆ ತೆರೆದು ಸ್ಕ್ರೀನಿನಲ್ಲಿ ನೋಡಿದರೆ ಕಪ್ಪೇ ಇತ್ತು.

ಇಂಕಿನ ತೊಂದರೆ ಇರಬೇಕೆಂದು ಇನ್ನೊಂದು ತೆಗೆದೆ. ಅದೂ ಹಾಗೆಯೇ. ಈ ಸಲ ಒರೆಸಿದ ಹತ್ತಿಯಲ್ಲಿ ಒಂದು ಕೂದಲಿತ್ತು. ಗಿಡ್ಡ, ಬಾಗಿದ ಕೂದಲು... ರೆಪ್ಪೆಗೂದಲು. ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡೆ.

ಬಾಯಿ ತೊಳೆಯುತ್ತಿರುವಾಗ ಹಿಂದಿನಿಂದ ಸದ್ದು ಕೇಳಿಸಿತು.

ಪಚ್... ಪಚ್...

ಒದ್ದೆಯಾದದ್ದೇನೋ ಅಂಟಿ ಬಿಡುವ ಸದ್ದು. ಒಂದಿಷ್ಟು ಹೊತ್ತು ಬಿಟ್ಟು ಮತ್ತೆ... ಪಚ್. ಪ್ರಿಂಟರಿನ ಟ್ರೇಯಿಂದ ಬರುತ್ತಿತ್ತು. ನಾನು ಪ್ರಿಂಟಿಗೆ ಕೊಡದೇ ಮೂರನೆಯ ಫೋಟೋ ಅಲ್ಲಿ ಬಂದು ಕೂತಿತ್ತು, ಮುಖ ಕೆಳಗಾಗಿ. ಅದನ್ನು ತಿರುಗಿಸಿ ನೋಡುವ ಧೈರ್ಯ ನನಗಾಗಲಿಲ್ಲ. ಸದ್ದು ಯಾವುದೆಂದು ಗೊತ್ತಾಗಿತ್ತು. ರೆಪ್ಪೆ ಬಡಿಯುವ ಸದ್ದು.

ಶಟರ್ ಎತ್ತಿ ಓಡಬಹುದಿತ್ತು. ಆದರೆ ಬೆಳಗ್ಗೆ ಏಳಕ್ಕೆ ಅವರು ಬರುವವರಿದ್ದರು, ಹಾಳು ಸ್ಟುಡಿಯೋ ನಂಬಿಕೊಂಡ ಬದುಕು ಬೇರೆ. ಗೋಡೆಗೆ ಒರಗಿ ನಿಂತು, ಎದುರಿಗೊಬ್ಬ ಹೆಂಗಸು ಕೂತಿದ್ದಾಳೆ ಅನ್ನುವ ಹಾಗೆ ಮಾತಾಡಿದೆ. ಅಜ್ಜಿ ಆಡಿದ ಮಾತೇ ನನ್ನ ಬಾಯಲ್ಲಿ ಬಂತು.

"ಸುಮ್ನಿರವ್ವ ಶಾಂತಮ್ಮ... ನಿನ್ ಮಗಳಿಗೋಸ್ಕರ ಕಣವ್ವ ಇದು. ಈ ಕಣ್ಣಿದ್ರೆ ಅವ್ಳಿಗೆ ಗಂಡು ಸಿಗಲ್ವಂತೆ. ಅವ್ಳಿಗೆ ಒಳ್ಳೇದಾಗೋದ್ ಬ್ಯಾಡ್ವಾ?"

ಸದ್ದು ನಿಂತಿತು.

ಸ್ಟೇಷನ್ನಿನಲ್ಲಿ ಯಾವುದೋ ಗೂಡ್ಸ್ ಗಾಡಿ ಹೊರಟು, ಅದರ ಡಬ್ಬಿಗಳೆಲ್ಲ ದಾಟಿ ಹೋಗುವ ತನಕ ಹಾಗೇ ನಿಂತಿದ್ದೆ. ಆಮೇಲೆ ಮತ್ತೊಂದು ಪ್ರಿಂಟ್ ಕೊಟ್ಟೆ. ಒಣಗಿದ ಫೋಟೋ ಬಂತು. ಕಪ್ಪು ಕಣ್ಣು. ಎಷ್ಟು ಉಜ್ಜಿದರೂ ಬಣ್ಣ ಬಿಡಲಿಲ್ಲ. ಟ್ರೇಯಲ್ಲಿದ್ದುದನ್ನೂ, ಮುಂಚಿನ ಎರಡನ್ನೂ ಹಾಗೇ ಪೇಪರಿನಲ್ಲಿ ಸುತ್ತಿ ಹಿತ್ತಿಲಿನಲ್ಲಿ ಸುಟ್ಟೆ; ಹುಡುಗಿ ಕೇಳಿದ ಕಣ್ಣು ಅವುಗಳಲ್ಲಿತ್ತೆಂಬುದು ಹೆದರಿಕೆಯಲ್ಲಿ ಹೊಳೆಯಲೇ ಇಲ್ಲ. ಕೈಯನ್ನು ಐದಾರು ಸಲ ಸೋಪು ಹಾಕಿ ತೊಳೆದೆ.

ಬೆಳಗ್ಗೆ ಅಜ್ಜಿ, ಮಗ ಇಬ್ಬರೇ ಬಂದರು. "ಈಗ ನೋಡು, ಎಷ್ಟು ಲಕ್ಷಣವಾಗವ್ಳೆ," ಅಂತ ಅಜ್ಜಿ ನಾನು ರಾತ್ರಿಯೇ ಕಟ್ಟು ಹಾಕಿಟ್ಟಿದ್ದ ಫೋಟೋವನ್ನು ಸೆರಗಿನಿಂದ ಒರೆಸಿದಳು. ಆ ಮುದುಕಿಗೂ ನನಗೂ ಏನು ವ್ಯತ್ಯಾಸ ಅನ್ನಿಸಿ ಬಾಯೆಲ್ಲ ಕಹಿಯಾಯಿತು.

ತಿಂಗಳು ಕಳೆದಿರಬಹುದು. ಒಂದು ಮಧ್ಯಾಹ್ನ ಕಾಲೇಜು ಬ್ಯಾಗು ಹಾಕಿಕೊಂಡು ಕಾವ್ಯ ಬಂದಳು. ತಲೆ ತಗ್ಗಿಸಿ ಬಾಗಿಲಲ್ಲಿ ನಿಂತಳು.

"ಆಂಟಿ, ನಮ್ಮವ್ವಂದು ಕಾಪಿ..."

ತಲೆ ಎತ್ತಿದಳು. ಕಣ್ಣು ಕರ್ರಗಿದ್ದವು.

"ಲೆನ್ಸ್ ಹಾಕ್ಸವ್ರೇನವ್ವ?" ಅಂದೆ.

"ಇಲ್ಲ ಆಂಟಿ. ಆರಾಧನೆ ದಿನ ಬೆಳಗ್ಗೆ ಎದ್ದಾಗ್ಲೇ ಹಿಂಗಾಗಿತ್ತು. ಕಡೂರಾಗೆ ಡಾಕ್ಟ್ರಿಗೆ ತೋರ್ಸಿದ್ವಿ, ಕಣ್ಣು ಚೆನ್ನಾಗೇ ಐತೆ ಅಂದ್ರು. ಅಜ್ಜಿಗಂತೂ ಬಲು ಖುಷಿ, ಗಂಡು ನೋಡಾಕೆ ಶುರು ಮಾಡವ್ರೆ." ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. "ಮುಂಚೆ ಕನ್ನಡೀಲಿ ನೋಡ್ಕಂಡ್ರೆ ನಮ್ಮವ್ವ ಕಾಣೋದು ಆಂಟಿ. ಈಗ ಅಲ್ಲೂ ಇಲ್ಲ. ಅದ್ಕೇ ಆ ಕಾಪಿ ಕೊಡಿ."

ನಾನು ಆ ರಾತ್ರಿ ಯಾರಿಗೆ ಏನು ಹೇಳಿದೆ, ಅದನ್ನು ಯಾರು ಹೇಗೆ ಕೇಳಿಸಿಕೊಂಡರು... ಯಾರನ್ನು ಕೇಳಲಿ? ಎಜಮಾನರು ನಂಬುವುದಿಲ್ಲ. ಕಂಪ್ಯೂಟರಿನ ಮುಂದೆ ಕೂತು, ಇಲ್ಲದ ಫೋಟೋವನ್ನು ಫೋಲ್ಡರಿನಿಂದ ಫೋಲ್ಡರಿಗೆ ಹುಡುಕುವ ನಾಟಕ ಆಡಿದೆ. ನನ್ನ ಮೇಲೆ ನನಗೇ ಹೇಸಿಗೆ ಬಂತು.

"ಯಾವ್ದೋ ಸಿಡೀಲಿರ್ಬೇಕು ಕಣವ್ವ. ಹುಡುಕಿಟ್ಟಿರ್ತೀನಿ," ಅಂದೆ.

ಆಮೇಲೆ ನಾಲ್ಕು ಸಲ ಬಂದಿದ್ದಾಳೆ. ನಿನ್ನೆಯೂ ಬಂದಿದ್ದಳು. ಆ ಕಣ್ಣಿನ ಕಡೆ ನೋಡದೆ, ನಾಳೆ ಬಾ ಅಂದೆ.