ನೂರ ನಲವತ್ತೊಂದನೆಯ ದಿನ

ದಿನಾ ಬೆಳಿಗ್ಗೆ ಬೊರಿವಲಿಯಲ್ಲಿ ಲೋಕಲ್ ರೈಲು ಹತ್ತಿ ಸೀಟು ಸಿಕ್ಕಿದ ಕೂಡಲೇ ಮೊಬೈಲಿನಿಂದ ಒಂದು ಗುಂಪಿಗೆ ಸಂಖ್ಯೆ ಕಳಿಸುತ್ತಿದ್ದೆ. ಗಂಡಸರ ಮೇಲೆ ಹರಿಯುವ ಮನಸ್ಸನ್ನು ತಿರುಗಿಸಿಕೊಳ್ಳಲು ಹೊರಟ ನಮ್ಮಂಥವರೇ ಕಟ್ಟಿಕೊಂಡ ಗುಂಪು ಅದು. ಅಲ್ಲಿ ಯಾರಿಗೂ ಹೆಸರಿಲ್ಲ, ಮುಖವಿಲ್ಲ. ಮನಸ್ಸು ಜಾರದೆ ಉಳಿದ ದಿನಗಳ ಸಂಖ್ಯೆಯೇ ನಮ್ಮ ಗುರುತು. ಜಾರಿದವನು ಸೊನ್ನೆ ಕಳಿಸಬೇಕು. ಆಮೇಲೆ ಏಳು ದಿನ ಅವನೊಡನೆ ಯಾರೂ ಮಾತಾಡಬಾರದು. ಮನೆಯಲ್ಲಿ ನನಗೆ ಹೆಣ್ಣು ನೋಡುತ್ತಿದ್ದರು. ಈ ಗುಂಪನ್ನು ಔಷಧಿಯಂತೆ ನಂಬಿದ್ದೆ.

ಹೊಸಬನೊಬ್ಬನ ಜವಾಬ್ದಾರಿಯನ್ನು ನನಗೆ ಒಪ್ಪಿಸಿದರು. ವಿಜಯಪುರದ ಕಡೆಯವನು, ಭಾಂಡುಪ್‌ನಲ್ಲಿದ್ದುಕೊಂಡು ಕಟ್ಟಡಗಳಿಗೆ ಟೈಲ್ಸ್ ಹಾಕುವ ಕೆಲಸ. ಗುಂಪಿನಲ್ಲಿ ಹಿಂದಿಯೇ ನಡೆಯುತ್ತಿತ್ತು. ನಾನೂ ಕನ್ನಡದವನೆಂದು ತಿಳಿದ ಮೇಲೆ ಅವನು ಟೈಪ್ ಮಾಡುವುದನ್ನೇ ಬಿಟ್ಟು ದನಿ ಮುದ್ರಿಸಿ ಕಳಿಸತೊಡಗಿದ. ನಿಮ್ಮದು ಇವತ್ತು ಎಷ್ಟನೇ ದಿನ ಎಂದು ಕೇಳಿ, ನನ್ನ ಉತ್ತರ ಬಂದರೆ ಅವನಿಗೆ ಹಬ್ಬ.

ನಾನು ಹೇಳುತ್ತಿದ್ದ ಆ ಸಂಖ್ಯೆ ಶುದ್ಧ ಸುಳ್ಳು. ದಾದರ್‌ನ ನನ್ನ ಆಫೀಸಿನಲ್ಲಿ ಒಬ್ಬನಿದ್ದ, ಮಧ್ಯಾಹ್ನದ ಚಹಾಕ್ಕೆ ಜೊತೆಗೆ ಬರುವವನು. ಅವನು ಬರುವ ಹೊತ್ತಾದರೆ ನನ್ನ ಕಣ್ಣೆಲ್ಲ ಬಾಗಿಲ ಕಡೆ. ಮೂವತ್ತು ದಿನವೂ ದಾಟದೆ ಸೋತಿದ್ದೆ. ಆದರೆ ಆ ಏಳು ದಿನಗಳ ಮೌನಕ್ಕೆ ಹೆದರಿ ಸಂಖ್ಯೆ ಏರಿಸುತ್ತಲೇ ಹೋದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಅಂತಾರಲ್ಲ, ಆ ಜಾತಿಯವನು ನಾನು.

ನನ್ನ ನೂರ ನಲವತ್ತೊಂದನೆಯ ದಿನ ಅವನು ಸೊನ್ನೆ ಕಳಿಸಿದ. ಹಿಂದೆಯೇ ದನಿ ಬಂತು.

"ಅಣ್ಣಾರ, ನನ್ನ ಕೈಲೆ ಆಗವಲ್ದರೀ. ನಿಮಗ ಆಗೂದು ನನಗ್ಯಾಕ ಆಗೂದಿಲ್ಲ? ನನ್ನೊಳಗ ಏನರ ಕೆಟ್ಟೈತೇನು? ಒಂದ್ ಮಾತ ಹೇಳ್ರಿ, ಸಾಕು."

ದಾದರ್‌ವರೆಗೂ ಅದನ್ನೇ ಮತ್ತೆ ಮತ್ತೆ ಕೇಳಿದೆ. ಉತ್ತರ ಕೊಡಲಿಲ್ಲ. ನಿಯಮ ನೋಡಿ! ದಿನಕ್ಕೊಂದು ಸುಳ್ಳು ಹೇಳಲು ಅಡ್ಡ ಬಾರದ ನಿಯಮ, ಒಂದು ಮಾತಾಡಲು ಅಡ್ಡ ಬಂತು. ನಾಲ್ಕನೆಯ ದಿನ ಅವನ ಖಾತೆ ಅಳಿಸಿಹೋಗಿತ್ತು. ಗುಂಪಿನಲ್ಲಿ ಯಾರೂ ಅವನ ಸುದ್ದಿ ಎತ್ತಲಿಲ್ಲ. ನನ್ನನ್ನು ಮಾತ್ರ ಹೊಗಳಿದರು.

ಗುಂಪು ಬಿಟ್ಟು ವರ್ಷಗಳಾದವು. ಮದುವೆಯಾಗಲಿಲ್ಲ, ಒಂದು ಹೆಣ್ಣಿನ ಬಾಳು ಉಳಿಯಿತು, ಅಷ್ಟೇ ಸಮಾಧಾನ. ಅವನು ಬದುಕಿದ್ದಾನೋ ಇಲ್ಲವೋ, ಯಾರನ್ನು ಕೇಳಲಿ? ಹೆಸರೇ ಗೊತ್ತಿಲ್ಲ. ರೈಲಿನಲ್ಲಿ ಯಾರಾದರೂ ಆ ಕಡೆಯ ಕನ್ನಡ ಆಡಿದರೆ ಎದ್ದು ಹೋಗಿ ಮುಖ ನೋಡುತ್ತೇನೆ. ಮುಖವೂ ಗೊತ್ತಿಲ್ಲವೆಂಬುದು ಆಮೇಲೆ ನೆನಪಾಗುತ್ತದೆ.

ಆ ದನಿ ಇನ್ನೂ ನನ್ನ ಮೊಬೈಲಿನಲ್ಲಿದೆ. ಕೇಳಿದಾಗಲೆಲ್ಲ ಗಟ್ಟಿಯಾಗಿಯೇ ಉತ್ತರ ಹೇಳುತ್ತೇನೆ, ಪಕ್ಕದವರು ನೋಡಿದರೆ ನೋಡಲಿ.

"ನಂದೂ ಸೊನ್ನೇನೇ ಕಣಪ್ಪಾ."