ಉಡದ ಪಟ್ಟು ಹಿಡಿದ ಹಿಂದಿನ ಚಕ್ರ

ನಿಧಾನಪ್ಪ ಎಂಬುದು ಗಡಿಯಾರ ರಿಪೇರಿಯವರಿಗೆ ಬೀದಿಯವರು ಇಟ್ಟ ಹೆಸರು. ಹೆತ್ತವರು ಇಟ್ಟ ಹೆಸರು ನೆನಪಾಗಲು ಸ್ವತಃ ಅವರಿಗೇ ಸ್ವಲ್ಪ ಹೊತ್ತು ಬೇಕಾಗುತ್ತಿತ್ತು. ಬೀದಿಯ ಗಡಿಯಾರಗಳನ್ನೆಲ್ಲ ಸರಿಯಾದ ವೇಳೆಗೆ ತರುತ್ತಿದ್ದ ಈ ಮನುಷ್ಯ ತಾವು ಮಾತ್ರ ಎಲ್ಲಿಗೂ ವೇಳೆಗೆ ಸರಿಯಾಗಿ ತಲುಪಿದವರಲ್ಲ. ಅವರು ಮೋಟರ್ ಸೈಕಲ್ ಓಡಿಸುವಾಗ ಪಕ್ಕದಲ್ಲಿ ನಡೆದು ಹೋಗುವವರು ಕುಶಲ ವಿಚಾರಿಸಿ, ಮಾತು ಮುಗಿದ ಮೇಲೆ ಅವರನ್ನು ದಾಟಿ ಮುಂದೆ ಹೋಗುತ್ತಿದ್ದರು. ಹಿಂದೆ ಕೂತ ಹೆಂಡತಿ ಒಮ್ಮೆ ನಡುದಾರಿಯಲ್ಲಿ ಇಳಿದು, ಅಂಗಡಿಯಲ್ಲಿ ಸೋಪು ಕೊಂಡು, ಮತ್ತೆ ಹತ್ತಿ ಕೂತರೂ ಅವರಿಗೆ ತಿಳಿಯಲಿಲ್ಲವಂತೆ. ಸೋಪು ಕೊಂಡದ್ದು ನಿಜ. ಉಳಿದದ್ದಕ್ಕೆ ನಾವು ಹೊಣೆಯಲ್ಲ.

ಹಾಗೆ ಕೂತು ಕೂತು ಬೇಸತ್ತ ಹೆಂಡತಿ ತಾನೇ ಗಾಡಿ ಕಲಿತಳು. ರಕ್ತಪರೀಕ್ಷೆಯ ಲ್ಯಾಬಿನವರು, "ಮನೆಮನೆಗೆ ಹೋಗಿ ಸ್ಯಾಂಪಲ್ ತರೋ ಕೆಲಸ ಇದೆ, ಲೈಸೆನ್ಸ್ ತಂದರೆ ನಿಮಗೇ" ಎಂದಿದ್ದರು. ಆದರೆ ಮೊದಲ ಪರೀಕ್ಷೆಯಲ್ಲಿ ಇನ್‌ಸ್ಪೆಕ್ಟರು ಸೀಟಿ ಊದಿದಾಗ ಅವಳು ಬ್ರೇಕ್ ಒತ್ತುವುದನ್ನು ಮರೆತು, ಸೀದಾ ಅವರ ಮೇಜಿನ ತನಕ ಹೋಗಿ, ಮೇಜನ್ನೂ ಸ್ವಲ್ಪ ದೂರ ಜೊತೆಗೆ ಕರೆದುಕೊಂಡು ಹೋಗಿದ್ದಳು. ಎರಡನೆಯ ಪರೀಕ್ಷೆ ಇವತ್ತು ಮಧ್ಯಾಹ್ನ. ಇದೂ ತಪ್ಪಿದರೆ ಲ್ಯಾಬಿನವರು ಬೇರೆ ಯಾರನ್ನಾದರೂ ನೋಡಿಕೊಳ್ಳುವವರಿದ್ದರು.

ಬೆಳಿಗ್ಗೆ ಎದ್ದು ನೋಡಿದರೆ ಗಾಡಿಯ ಹಿಂದಿನ ಚಕ್ರ ಗಾಳಿಯೆಲ್ಲ ಬಿಟ್ಟು ನೆಲಕ್ಕೆ ಅಂಟಿ ಕೂತಿದೆ!

ಪಂಕ್ಚರ್ ಅಂಗಡಿಯವನು ಫೋನಿನಲ್ಲಿ, "ಅಂಗಡಿ ಬಿಟ್ಟು ಬರಕ್ಕಾಗಲ್ಲ ಸಾರ್. ಚಕ್ರ ಬಿಚ್ಕೊಂಡು ಬನ್ನಿ, ಚಿಟಿಕೆ ಹೊಡೆಯೋದ್ರೊಳಗೆ ಹಾಕ್ಕೊಡ್ತೀನಿ" ಎಂದ.

"ಬಿಚ್ಚೋದೇನು ಮಹಾ," ಎಂದರು ನಿಧಾನಪ್ಪ. "ಇದೂ ಒಂದು ದೊಡ್ಡ ಗಡಿಯಾರ ತಾನೆ?"

ಅಂಗಳದಲ್ಲಿ ಗಾಡಿಗೆ ದೊಡ್ಡ ಸ್ಟ್ಯಾಂಡ್ ಹಾಕಿ, ಪಕ್ಕದಲ್ಲಿ ಬಿಳಿ ಬಟ್ಟೆ ಹಾಸಿದರು. ಕಣ್ಣಿಗೆ ಕಸುಬಿನ ಭೂತಗನ್ನಡಿ ಸಿಕ್ಕಿಸಿಕೊಂಡರು. ನಟ್ಟಿಗೊಂದು ಬಟ್ಟಲು, ವಾಷರಿಗೊಂದು ಬಟ್ಟಲು ಎಂದು ಅಡುಗೆಮನೆಯ ಬಟ್ಟಲುಗಳೆಲ್ಲ ಸಾಲಾಗಿ ಹೊರಗೆ ಬಂದವು. ಹೊಸ್ತಿಲ ಮೇಲೆ ಕೂತಿದ್ದ ಅವರ ತಾಯಿ, "ಏನೋ, ಗಾಡಿ ಬಿಚ್ತಿದೀಯೋ, ಅದಕ್ಕೆ ಊಟಕ್ಕೆ ಬಡಿಸ್ತಿದೀಯೋ?" ಎಂದು ಕೇಳಿದರು.

ನಟ್ಟು ಬಂತು. ಚಕ್ರದ ನಡುವಿನ ಆಕ್ಸಲ್ ಮಾತ್ರ ತುಕ್ಕು ಹಿಡಿದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ನಿಧಾನಪ್ಪನವರು ಗಡಿಯಾರದ ಎಣ್ಣೆಯನ್ನು ಸೂಜಿ ತುದಿಯಲ್ಲಿ ಹನಿಹನಿಯಾಗಿ ಬಿಟ್ಟು, ಅದು ಇಂಗಲಿ ಎಂದು ಕೈಕಟ್ಟಿ ಕಾದರು. ಹೆಂಡತಿ ತಡೆಯಲಾರದೆ ತಮ್ಮನಿಗೆ ಹೇಳಿಕಳಿಸಿದಳು. ತಮ್ಮ ಬೇಕರಿಯಲ್ಲಿ ಹಿಟ್ಟು ನಾದುವವನು. ಅವನ ತೋಳುಗಳು ಬಾಗಿಲಿನೊಳಗೆ ಒಂದಾದ ಮೇಲೊಂದು ಬರುತ್ತಿದ್ದವು.

"ಭಾವ, ಇದು ಮುದ್ದು ಮಾಡಿದ್ರೆ ಬರೋ ಗಿರಾಕಿ ಅಲ್ಲ. ಸುತ್ತಿಗೆ ಕೊಡಿ ಇಲ್ಲಿ. ಅಕ್ಕ, ನೀನು ಮುಂದೆ ಹ್ಯಾಂಡಲ್ ಹತ್ರ ಹತ್ತಿ ಕೂತ್ಕೋ. ನಿನ್ನ ಭಾರಕ್ಕೆ ಹಿಂದಿನ ಚಕ್ರ ಮೇಲೆದ್ದಿರುತ್ತೆ."

"ಭಾರದ ವಿಷಯ ನೀನು ಮಾತಾಡ್ತೀಯಲ್ಲೋ!" ಎನ್ನುತ್ತಲೇ ಅಕ್ಕ ಹತ್ತಿ, ಮುಖವನ್ನು ಪರೀಕ್ಷೆಗೆ ಹೊರಟವಳ ಹಾಗೆ ಬಿಗಿದುಕೊಂಡು ಕೂತಳು.

ಮರದ ತುಂಡು ಒತ್ತು ಕೊಟ್ಟು ನಾಲ್ಕು ಏಟು ಬಿದ್ದದ್ದೇ ತಡ, ಆಕ್ಸಲ್ ಆ ಕಡೆಯಿಂದ ಜಿಗಿದು ಬಂತು. ಇನ್ನೇನು, ಬ್ರೇಕಿನ ತಟ್ಟೆ ಚಕ್ರದ ಹೊಟ್ಟೆಯಿಂದ ಕಳಚಿಕೊಂಡರೆ ಚಕ್ರ ಕೈಗೆ ಬಂದ ಹಾಗೆ. ಅದು ಕಳಚಿಕೊಳ್ಳಲಿಲ್ಲ. ಭಾವಮೈದ ಎಳೆದ. ನಿಧಾನಪ್ಪನವರು ಭಾವಮೈದನನ್ನು ಎಳೆದರು. ಸೋಪಿನ ನೀರು ಬಿಟ್ಟರು, ಬಿಸಿನೀರು ಬಿಟ್ಟರು. ಚಕ್ರ ಉಡದ ಪಟ್ಟು ಹಿಡಿದಿತ್ತು.

"ನಾನು ಇಳೀಲೇನ್ರೀ?" ಎಂದಳು ಹೆಂಡತಿ.

"ಇಳೀಬೇಡ!" ಎಂದು ಇಬ್ಬರೂ ಒಟ್ಟಿಗೆ ಕೂಗಿದರು.

"ಒಳ್ಳೇ ಮಾತಲ್ಲಿ ಕೇಳಿ ನೋಡ್ರೋ," ಎಂದರು ತಾಯಿ.

ನಿಧಾನಪ್ಪನವರು ಚಕ್ರಕ್ಕೆ ಕಿವಿಯಿಟ್ಟರು. ಕೆಟ್ಟ ಗಡಿಯಾರವನ್ನು ಅವರು ನೋಡುತ್ತಿದ್ದದ್ದೇ ಹಾಗೆ: ನಿಂತ ಚಕ್ರದಿಂದ ಹಿಡಿದು, ಅದನ್ನು ಯಾರು ತಡೆದಿದ್ದಾರೆ, ತಡೆದವರನ್ನು ಯಾರು ತಡೆದಿದ್ದಾರೆ ಎಂದು ಒಂದೊಂದೇ ಕೊಂಡಿ ಹಿಂದಕ್ಕೆ ಹೋಗುವುದು. ಭೂತಗನ್ನಡಿ ಚಕ್ರದಿಂದ ಬ್ರೇಕಿನ ತಟ್ಟೆಗೆ ಬಂತು. ತಟ್ಟೆಯಿಂದ ಬ್ರೇಕಿನ ಕಡ್ಡಿ. ಕಡ್ಡಿ ಹಿಡಿದು ತೆವಳುತ್ತ ಮುಂದೆ ಹೋದರೆ ಪೆಡಲ್. ಪೆಡಲಿನ ಮೇಲೆ ಚಪ್ಪಲಿ. ಚಪ್ಪಲಿಯೊಳಗೆ, ಭೂತಗನ್ನಡಿಯಲ್ಲಿ ಕುಂಬಳಕಾಯಿಯಷ್ಟು ದಪ್ಪಗೆ, ಹೆಂಡತಿಯ ಹೆಬ್ಬೆರಳು.

"ಇದೇನೇ ಇದು?"

"ಕಾಲು ಕಣ್ರೀ."

"ಬ್ರೇಕ್ ಮೇಲೆ ಯಾಕಿದೆ?"

"ಗಾಡಿ ಹತ್ತಿದ್ಮೇಲೆ ಬ್ರೇಕ್ ಮೇಲಿಂದ ಕಾಲು ತೆಗೆದ್ರೆ ಜೋಕೆ ಅಂತ ನೀವೇ ತಾನೆ ಪಾಠ ಹೇಳಿದ್ದು? ಕೂತಾಗಿಂದ ಒತ್ತಿ ಹಿಡಿದಿದೀನಿ. ಕಾಲು ಜೋಮು ಹಿಡಿದಿದೆ, ಆದ್ರೂ ಬಿಟ್ಟಿಲ್ಲ ನೋಡಿ!" ಎಂದಳು ಹೆಮ್ಮೆಯಿಂದ.

"ತೆಗಿ ಮಾರಾಯ್ತಿ!"

ತೆಗೆದಳು. ಆದರೆ ಹಿಂದೆ ಭಾವಮೈದ ಎಳೆಯುವುದನ್ನು ನಿಲ್ಲಿಸಿದ್ದಾನೆಯೇ ಎಂದು ಯಾರೂ ನೋಡಲಿಲ್ಲ. ನಿಲ್ಲಿಸಿರಲಿಲ್ಲ. ಚಕ್ರವನ್ನು ಎದೆಗಪ್ಪಿಕೊಂಡು ಅವನು ಅಂಗಳ ದಾಟಿ, ಬಟ್ಟೆ ಒಣಹಾಕಿದ ಹಗ್ಗವನ್ನು ಕೊರಳಿಗೆ ಹಾರ ಮಾಡಿಕೊಂಡು, ನೀರಿನ ತೊಟ್ಟಿಯಲ್ಲಿ ಕೂತ. ದಾರಿಯಲ್ಲಿ ಸಿಕ್ಕ ಬಟ್ಟಲುಗಳು ಹಾರಿದವು. ತಾಯಿ ನಕ್ಕ ರಭಸಕ್ಕೆ ಹಲ್ಲಿನ ಸೆಟ್ಟು ಸೆರಗಿಗೆ ಬಿತ್ತು. ಅದನ್ನು ಎತ್ತಿಕೊಳ್ಳಲು ಹೋದರೆ ಪಕ್ಕದಲ್ಲೇ ಬಟ್ಟಲಿನಿಂದ ಹಾರಿದ ನಟ್ಟೂ ಸಿಕ್ಕಿತು.

"ಅಕ್ಕ," ಎಂದ ತೊಟ್ಟಿಯೊಳಗಿಂದ ತಮ್ಮ, "ಪಾಸಾಗದೆ ಬಂದ್ಯೋ, ನೋಡ್ಕೋ!"

ಒದ್ದೆ ಬಟ್ಟೆಯಲ್ಲೇ ಚಕ್ರ ಹೊತ್ತು ಓಡಿದ, ಹೊತ್ತು ಓಡಿಬಂದ. ನಿಧಾನಪ್ಪನವರು ಜನ್ಮದಲ್ಲಿ ಮೊದಲ ಸಲ ಆತುರಪಟ್ಟು, ಒಂದೇ ಒಂದು ವಾಷರನ್ನೂ ಒರೆಸದೆ ಎಲ್ಲ ಜೋಡಿಸಿದರು.

ಅವಳನ್ನು ಕಂಡದ್ದೇ ಇನ್‌ಸ್ಪೆಕ್ಟರು ಮೇಜನ್ನು ತಾವೇ ಗೋಡೆಯ ತನಕ ಎಳೆದುಕೊಂಡರು. ಸೀಟಿ ಊದಿದರು. ಗಾಡಿ ಬಿಳಿ ಗೆರೆಯ ಮೇಲೆ ಮೊಳೆ ಹೊಡೆದಂತೆ ನಿಂತಿತು. ನಿಂತೇ ಇತ್ತು.

"ಪಾಸಾಯ್ತಮ್ಮ," ಎಂದರು ಅವರು. "ಇನ್ನಾದರೂ ಬ್ರೇಕ್ ಬಿಡಿ, ಹಿಂದಿನವರು ಕಾಯ್ತಿದಾರೆ."

ಮನೆಗೆ ಬರುವಾಗ ಅವಳು ಮುಂದೆ, ಅವರು ಹಿಂದೆ. ಬೀದಿಯವರು ಗುರುತು ಹಿಡಿದು "ನಿಧಾನಪ್ಪ..." ಎನ್ನುವಷ್ಟರಲ್ಲಿ ಗಾಡಿ ತಿರುವು ದಾಟಿರುತ್ತಿತ್ತು.

"ಏನ್ರೀ, ಯಾಕೆ ಹಂಗೆ ಬಿಗಿಯಾಗಿ ಕೂತಿದೀರ?"

"ಬ್ರೇಕ್ ಒತ್ತುತಿದೀನಿ ಕಣೇ."

"ಅಲ್ಲಿ ಬ್ರೇಕ್ ಇಲ್ವಲ್ಲ!"

"ಗೊತ್ತು," ಎಂದರು ನಿಧಾನಪ್ಪ, ಇನ್ನೂ ಬಲವಾಗಿ ಒತ್ತುತ್ತ.